ಮನೆಯಲ್ಲೇ ಮಾಡುವ ಯೀಸ್ಟ್ ಪ್ರಯೋಗಗಳು: ಕಲಬುರಗಿಯ ಮಕ್ಕಳೂ ಪಾಲಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಹತ್ತಿರವಾದಂತೆಲ್ಲ ನಮ್ಮ ಕಲಬುರಗಿಯ ಶಾಲೆಗಳಲ್ಲಿ ಬಾಯಿಗೆ ಬಲೂನು ಕಟ್ಟಿದ ಬಾಟಲಿಗಳು ಸಾಲುಗಟ್ಟುತ್ತವೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನನ್ನನ್ನು ಮಕ್ಕಳು ತರಗತಿಯಲ್ಲಿಯೂ, ಅವರ ತಂದೆತಾಯಿಯರು ಶಾಲೆಯ ಬಾಗಿಲಲ್ಲಿಯೂ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಇಲ್ಲಿ ಹೇಳಿದ ಅಳತೆಗಳೆಲ್ಲ ಅಡುಗೆಮನೆಯ ಚಮಚ, ಲೋಟಗಳ ಲೆಕ್ಕದಲ್ಲಿವೆ.

ಯೀಸ್ಟ್ ಎಂದರೆ ಪುಡಿಯೇ, ಜೀವಿಯೇ?

ಯೀಸ್ಟ್ ಒಂದು ಜೀವಿ. ಪೊಟ್ಟಣದಲ್ಲಿ ರವೆಯಂತೆ ಕಾಣುವ ಒಂದೊಂದು ಕಂದು ಕಣದಲ್ಲಿಯೂ ಒಣಗಿಸಿ ನಿದ್ರಾವಸ್ಥೆಗೆ ತಂದ ಲಕ್ಷಾಂತರ ಏಕಕೋಶ ಶಿಲೀಂಧ್ರಗಳಿರುತ್ತವೆ. ಅಣಬೆಯೂ, ಹಳೆಯ ಬ್ರೆಡ್ಡಿನ ಮೇಲೆ ಬೆಳೆಯುವ ಬೂಷ್ಟೂ ಇದರ ಬಳಗದವೇ. ಬೇಕರಿಯಲ್ಲಿ ಬಳಸುವ ಯೀಸ್ಟಿನ ವೈಜ್ಞಾನಿಕ ಹೆಸರು ಸ್ಯಾಕರೋಮೈಸಿಸ್ ಸೆರೆವಿಸಿಯೆ. ಆ ಹೆಸರಿನ ಮೊದಲ ಪದಕ್ಕೆ ಸಕ್ಕರೆಯ ಶಿಲೀಂಧ್ರ ಎಂದೇ ಅರ್ಥ. ಕಲಬುರಗಿ ಮತ್ತು ಬೀದರಿನ ನಾನ್ ಭಟ್ಟಿಗಳಲ್ಲಿ ದಖನಿ ಮಾತಾಡುವವರು ಖಮೀರ್ ಎನ್ನುವುದು, ನಿನ್ನೆಯ ಹಿಟ್ಟಿನಲ್ಲಿ ಒಂದು ಮುದ್ದೆ ಉಳಿಸಿಕೊಂಡು ಇಂದಿನ ಹಿಟ್ಟಿಗೆ ಸೇರಿಸುವ ಹುದುಗನ್ನು. ಅದರಲ್ಲಿ ಕೆಲಸ ಮಾಡುವುದು ಯೀಸ್ಟ್ ಮತ್ತು ಕೆಲವು ಬ್ಯಾಕ್ಟೀರಿಯಾಗಳ ಕೂಟ. ಹೆಪ್ಪು ಹಾಕಿ ಮೊಸರು ಮಾಡುವ ಮನೆಯವರಿಗೆ ಈ ತತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಿ ಸಿಗುತ್ತದೆ, ಯಾವುದನ್ನು ತರಬೇಕು?

ಸೂಪರ್ ಮಾರ್ಕೆಟ್ ಪ್ರದೇಶದಂಥ ಕಡೆ ಬೇಕರಿ ಸಾಮಾನು ಮಾರುವ ಅಂಗಡಿಗಳಲ್ಲಿ ಒಣ ಯೀಸ್ಟ್ ಕೇಳಿ. ದಪ್ಪ ಕಣಗಳ ಬಗೆಯನ್ನು ಮೊದಲು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಬೇಕಾಗುತ್ತದೆ. ಸಣ್ಣ ಕಣಗಳ ಇನ್‌ಸ್ಟಂಟ್ ಬಗೆಯನ್ನು ನೇರವಾಗಿ ಬೆರೆಸಬಹುದು. ಪ್ರಯೋಗಕ್ಕೆ ಎರಡೂ ಆಗುತ್ತವೆ. ಪೊಟ್ಟಣದ ಮೇಲಿನ ದಿನಾಂಕವನ್ನು ಮಾತ್ರ ತಪ್ಪದೆ ನೋಡಿ, ಬಿಸಿಲು ಬೀಳುವ ಕಪಾಟಿನಲ್ಲಿ ತಿಂಗಳುಗಟ್ಟಲೆ ಇದ್ದ ಪೊಟ್ಟಣವನ್ನು ಕೊಳ್ಳಬೇಡಿ. ಬೇಕಿಂಗ್ ಪೌಡರ್ ಮತ್ತು ಅಡುಗೆ ಸೋಡಾ ಯೀಸ್ಟ್ ಅಲ್ಲ. ಅವು ರಾಸಾಯನಿಕಗಳು, ಅವುಗಳಲ್ಲಿ ಜೀವವಿಲ್ಲ.

ಮೊದಲು ಯಾವ ಪ್ರಯೋಗ ಮಾಡಬೇಕು?

ಬಲೂನಿನ ಪ್ರಯೋಗದಿಂದಲೇ ಆರಂಭಿಸುವುದು ಒಳ್ಳೆಯದು. ಅರ್ಧ ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಗೆ ಸುಮಾರು 150 ಮಿಲಿಲೀಟರ್ ಉಗುರುಬೆಚ್ಚಗಿನ ನೀರು ಹಾಕಿ, ಎರಡು ಚಹಾ ಚಮಚ ಸಕ್ಕರೆ ಕರಗಿಸಿ, ಒಂದು ಚಹಾ ಚಮಚ ಯೀಸ್ಟ್ ಸೇರಿಸಿ ಅಲುಗಿಸಿ. ಬಲೂನನ್ನು ಮೊದಲೇ ಒಂದೆರಡು ಸಲ ಬಾಯಿಂದ ಊದಿ ಗಾಳಿ ಬಿಟ್ಟರೆ ರಬ್ಬರು ಸಡಿಲಾಗುತ್ತದೆ. ಹಾಗೆ ಸಡಿಲಿಸಿದ ಬಲೂನನ್ನು ಬಾಟಲಿಯ ಬಾಯಿಗೆ ಹಾಕಿ. ಹತ್ತು ನಿಮಿಷದಲ್ಲಿ ನೀರಿನ ಮೇಲೆ ಕೆನೆಬಣ್ಣದ ನೊರೆ ಕಟ್ಟುತ್ತದೆ, ಕಿವಿ ಹತ್ತಿರ ಹಿಡಿದರೆ ಚಿರಚಿರ ಎನ್ನುವ ಸಣ್ಣ ಸದ್ದು ಕೇಳುತ್ತದೆ. ಸಾಮಾನ್ಯವಾಗಿ ಇಪ್ಪತ್ತು ನಿಮಿಷದ ಹೊತ್ತಿಗೆ ಜೋತುಬಿದ್ದ ಬಲೂನು ಎದ್ದು ನಿಲ್ಲತೊಡಗುತ್ತದೆ, ಒಂದು ಗಂಟೆಯಲ್ಲಿ ದುಂಡಗಾಗುತ್ತದೆ.

ಯೀಸ್ಟ್ ಸಕ್ಕರೆಯನ್ನು ಒಡೆದು ತನಗೆ ಬೇಕಾದ ಶಕ್ತಿಯನ್ನು ಪಡೆಯುತ್ತದೆ. ಆ ಕೆಲಸದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಎಥನಾಲ್ ಎಂಬ ಮದ್ಯಸಾರ ಹೊರಬೀಳುತ್ತವೆ. ಆಮ್ಲಜನಕದ ನೆರವಿಲ್ಲದೆ ನಡೆಯುವ ಈ ಕ್ರಿಯೆಗೆ ಹುದುಗುವಿಕೆ ಎನ್ನುತ್ತೇವೆ. ಬಲೂನನ್ನು ಉಬ್ಬಿಸುವುದು ಆ ಅನಿಲವೇ.

ಉಷ್ಣಮಾಪಕವಿಲ್ಲದೆ ನೀರಿನ ಬಿಸಿಯನ್ನು ತಿಳಿಯುವುದು ಹೇಗೆ?

ಯೀಸ್ಟ್ ಚುರುಕಾಗಿ ಕೆಲಸ ಮಾಡುವುದು 30ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗೆ. 45 ದಾಟಿದರೆ ಸೊರಗುತ್ತದೆ, 60ರ ಹತ್ತಿರ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ಉಷ್ಣಮಾಪಕ ಇಲ್ಲದವರಿಗೆ ನಾನು ಹೇಳುವ ಲೆಕ್ಕ ಇದು: ಒಂದು ಲೋಟ ಕುದಿಯುವ ನೀರಿಗೆ ಮಣ್ಣಿನ ಕೊಡದ ನಾಲ್ಕು ಲೋಟ ನೀರನ್ನು ಬೆರೆಸಿ. ಕೊಡದ ನೀರು 25 ಡಿಗ್ರಿ ಇದ್ದರೆ ಬೆರಕೆ 40 ಡಿಗ್ರಿಯಾಗುತ್ತದೆ, ಪಾತ್ರೆಯು ಒಂದೆರಡು ಡಿಗ್ರಿಯನ್ನು ಎಳೆದುಕೊಂಡ ಮೇಲೆ ಯೀಸ್ಟಿಗೆ ಹಿತವಾದ ಬಿಸಿಯೇ ಉಳಿಯುತ್ತದೆ. ಮಣಿಕಟ್ಟಿನ ಒಳಬದಿಗೆ ಹನಿಸಿದರೆ ಬೆಚ್ಚಗೆನಿಸಬೇಕು, ಸುಡಬಾರದು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದರೆ ಗಣಿತದ ಪಾಠವೂ ಅದರೊಳಗೇ ಆಗುತ್ತದೆ.

ನಮ್ಮ ಬಲೂನು ಉಬ್ಬಲೇ ಇಲ್ಲ. ಏನು ತಪ್ಪಾಗಿರಬಹುದು?

ನಮ್ಮ ಊರಿನಲ್ಲಿ ಬೇಸಿಗೆಯ ಮಟ್ಟಿಗೆ ನನ್ನ ಮೊದಲ ಅನುಮಾನ ನೀರಿನ ಮೇಲೆಯೇ. ಒಂದು ಏಪ್ರಿಲ್ ಮಧ್ಯಾಹ್ನ ಹತ್ತು ಮಕ್ಕಳು ಹತ್ತು ಬಾಟಲಿ ಹೂಡಿದ್ದರು. ಒಂದು ಬಲೂನೂ ಅಲುಗಲಿಲ್ಲ. ಯೀಸ್ಟ್ ಹಳೆಯದೆಂದು ನಾನು ಪೊಟ್ಟಣವನ್ನೇ ದೂರಿದೆ. ಮರುದಿನ ಅದೇ ಪೊಟ್ಟಣದ ಯೀಸ್ಟನ್ನು ಕೊಡದ ನೀರು ಬೆರೆಸಿ ಹೂಡಿದಾಗ ಹತ್ತಕ್ಕೆ ಹತ್ತೂ ಉಬ್ಬಿದವು. ಹಿಂದಿನ ದಿನ ನಾವು ನೀರು ಹಿಡಿದದ್ದು ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನಲ್ಲಿಯಿಂದ. ಹೊರಗೆ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಆ ನೀರು ಮುಟ್ಟಲಾರದಷ್ಟು ಕಾದಿತ್ತು, ಅದಕ್ಕೆ ನಾವು ಇನ್ನಷ್ಟು ಬಿಸಿನೀರು ಸೇರಿಸಿದ್ದೆವು. ಬೀದರಿನ ಡಿಸೆಂಬರ್ ಮುಂಜಾವಿನಲ್ಲಿ ಇದರ ತಿರುವುಮುರುವು ನಡೆಯುತ್ತದೆ: ತಣ್ಣೀರಿನಲ್ಲಿ ಯೀಸ್ಟ್ ಸಾಯುವುದಿಲ್ಲ, ಆದರೆ ಬಹಳ ನಿಧಾನಿಸುತ್ತದೆ. ಅಂಥಲ್ಲಿ ಬಾಟಲಿಯನ್ನು ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ನಿಲ್ಲಿಸಿ.

ನೀರು ಸರಿಯಿದ್ದರೆ ಬಲೂನಿನ ಕತ್ತನ್ನು ನೋಡಿ. ಅನಿಲ ಅಲ್ಲಿಂದ ಸೋರುತ್ತಿರಬಹುದು, ಒಂದು ರಬ್ಬರ್ ಬ್ಯಾಂಡು ಸುತ್ತಿದರೆ ಸಾಕು. ಅದೂ ಸರಿಯಿದ್ದರೆ ಮಾತ್ರ ಯೀಸ್ಟನ್ನು ಸಂಶಯಿಸಿ.

ಎಲ್ಲರೂ ಒಂದೇ ಬಾಟಲಿಯಿಂದ ಮಾಡುತ್ತಾರೆ. ನೀವು ಎರಡು, ಮೂರು ಬಾಟಲಿ ಏಕೆ ಕೇಳುತ್ತೀರಿ?

ಒಂದೇ ಬಾಟಲಿ ಇಟ್ಟರೆ ಅದು ನೋಡಿ ಚಪ್ಪಾಳೆ ತಟ್ಟುವ ಆಟ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟಾಗ ಮಾತ್ರ ಅದು ಪ್ರಯೋಗವಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಬಲೂನು ಉಬ್ಬಿದ್ದು ಯೀಸ್ಟಿನಿಂದಲೇ ಎಂದು ನಿಮಗೆ ಹೇಗೆ ಗೊತ್ತು? ಬೆಚ್ಚಗಿನ ನೀರಿನ ಮೇಲಿನ ಗಾಳಿ ಹಿಗ್ಗಿರಬಹುದು, ಸಕ್ಕರೆ ನೀರಿನಿಂದಲೇ ಅನಿಲ ಬಂದಿರಬಹುದು, ಬಿಸಿಲಿಗೆ ಬಲೂನೇ ಊದಿಕೊಂಡಿರಬಹುದು. ಈ ಅನುಮಾನಗಳಿಗೆ ಉತ್ತರ ಕೊಡುವವು ಜೊತೆಯ ಬಾಟಲಿಗಳು. ಒಂದರಲ್ಲಿ ಸಕ್ಕರೆಯೂ ಯೀಸ್ಟೂ ಇರಲಿ, ಎರಡನೆಯದರಲ್ಲಿ ಸಕ್ಕರೆ ಮಾತ್ರ, ಮೂರನೆಯದರಲ್ಲಿ ಯೀಸ್ಟ್ ಮಾತ್ರ. ನೀರಿನ ಅಳತೆ, ಬಿಸಿ, ಬಾಟಲಿಯ ಗಾತ್ರ, ಬಲೂನಿನ ಬಗೆ, ಇಟ್ಟ ಜಾಗ ಎಲ್ಲವೂ ಒಂದೇ ಆಗಿರಬೇಕು. ಬದಲಾಗುವುದು ಒಂದೇ ಒಂದು ಸಂಗತಿ. ಪಠ್ಯಪುಸ್ತಕಗಳು ಇದನ್ನೇ ನಿಯಂತ್ರಿತ ಪ್ರಯೋಗ ಎನ್ನುತ್ತವೆ.

ಮೂರನೆಯ ಬಾಟಲಿಯಲ್ಲಿ ಮಕ್ಕಳು ಸಾಮಾನ್ಯವಾಗಿ ಏನೂ ಆಗುವುದಿಲ್ಲವೆಂದು ಮೊದಲೇ ಬರೆದುಬಿಡುತ್ತಾರೆ. ಆದರೆ ಗಮನವಿಟ್ಟು ನೋಡಿದರೆ ಅಲ್ಲಿಯೂ ಒಂದೊಂದು ಗುಳ್ಳೆ ಏಳುವುದು ಕಾಣಬಹುದು. ಯೀಸ್ಟ್ ತನ್ನೊಳಗೆ ಗ್ಲೈಕೋಜನ್, ಟ್ರೆಹಲೋಸ್ ಎಂಬ ಸಕ್ಕರೆ ಜಾತಿಯ ಬುತ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಹೊರಗಿನಿಂದ ಊಟ ಸಿಗದಿದ್ದರೆ ಆ ಬುತ್ತಿಯನ್ನೇ ಬಿಚ್ಚುತ್ತದೆ. ಕಂಡದ್ದನ್ನು ಕಂಡಂತೆ ಬರೆದ ಮಗುವಿಗೆ ಮಾತ್ರ ಈ ಸಂಗತಿ ಸಿಗುತ್ತದೆ. ದಯವಿಟ್ಟು ಪಾಲಕರು ಪ್ರಾಜೆಕ್ಟ್ ಪುಸ್ತಕದಲ್ಲಿ ಮಕ್ಕಳ ಬದಲು ಫಲಿತಾಂಶ ಬರೆಯಬೇಡಿ, ಬಂದ ಫಲಿತಾಂಶವನ್ನು ತಿದ್ದಲೂ ಬೇಡಿ. ಹತ್ತು ನಿಮಿಷಕ್ಕೊಮ್ಮೆ ಬಲೂನಿನ ಸುತ್ತಳತೆಯನ್ನು ದಾರದಿಂದ ಅಳೆದು, ದಾರವನ್ನು ಪಟ್ಟಿಯ ಮೇಲಿಟ್ಟು ಬರೆದ ಅಂಕಿ ಒರಟಾಗಿದ್ದರೂ ಅದು ಮಗುವಿನ ಸ್ವಂತದ್ದು.

ಬಲೂನಿನಲ್ಲಿ ತುಂಬಿದ್ದು ಇಂಗಾಲದ ಡೈಆಕ್ಸೈಡೇ ಎಂದು ಸಾಬೀತುಪಡಿಸುವುದು ಹೇಗೆ?

ಸುಣ್ಣದ ತಿಳಿನೀರಿನಿಂದ. ಈ ಪರೀಕ್ಷೆ ನಮ್ಮ ಜಿಲ್ಲೆಯ ನೆಲದೊಂದಿಗೇ ಬೆಸೆದುಕೊಂಡಿರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸುತ್ತದೆ.

ಎಲೆಯಡಿಕೆಗೆ ಹಚ್ಚುವ ಬಿಳಿ ಸುಣ್ಣವನ್ನು ಅರ್ಧ ಚಮಚದಷ್ಟು ತೆಗೆದುಕೊಂಡು ಅರ್ಧ ಲೀಟರ್ ನೀರಿರುವ ಬಾಟಲಿಯಲ್ಲಿ ಕದಡಿ, ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದ ಗಸಿ ಏಳದಂತೆ ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಸುಣ್ಣವೂ ಅದರ ತಿಳಿನೀರೂ ಕಣ್ಣಿಗೆ ಬಿದ್ದರೆ ಅಪಾಯ. ಈ ಕೆಲಸವನ್ನು ದೊಡ್ಡವರೇ ಮಾಡಬೇಕು, ಅಕಸ್ಮಾತ್ ಸಿಡಿದರೆ ಕೂಡಲೇ ಸಾಕಷ್ಟು ನೀರಿನಿಂದ ಕಣ್ಣು ತೊಳೆದು ವೈದ್ಯರ ಬಳಿ ಹೋಗಬೇಕು.

ಇನ್ನು ಯೀಸ್ಟ್ ಬಾಟಲಿಯ ಮುಚ್ಚಳಕ್ಕೆ ರಂಧ್ರ ಮಾಡಿ, ಔಷಧ ಅಂಗಡಿಯಲ್ಲಿ ಸಿಗುವ ಹೊಸ ಡ್ರಿಪ್ ಸೆಟ್ಟಿನ ನಳಿಕೆಯನ್ನು ತೂರಿಸಿ, ಸುತ್ತಲಿನ ಸಂದನ್ನು ಮೇಣದಿಂದ ಮುಚ್ಚಿ. ನಳಿಕೆಯ ಚಕ್ರವನ್ನು ಪೂರ್ತಿ ಸಡಿಲಿಸಿರಬೇಕು. ಅದರ ಇನ್ನೊಂದು ತುದಿಯನ್ನು ಸಣ್ಣ ಗಾಜಿನ ಲೋಟದಲ್ಲಿರುವ ತಿಳಿನೀರಿನೊಳಗೆ ಇಳಿಬಿಡಿ. ಗುಳ್ಳೆಗಳು ಒಂದರ ಹಿಂದೊಂದು ಬರತೊಡಗಿದ ಕೆಲವೇ ನಿಮಿಷಗಳಲ್ಲಿ ನೀರು ಹಾಲಿನಂತಾಗುತ್ತದೆ. ಲೆಕ್ಕದ ಪ್ರಕಾರ 20 ಮಿಲಿಲೀಟರ್ ತಿಳಿನೀರಿನಲ್ಲಿರುವ ಸುಣ್ಣವೆಲ್ಲ ತೀರಲು ಸುಮಾರು 11 ಮಿಲಿಲೀಟರ್ ಅನಿಲ ಸಾಕು. ಗುಳ್ಳೆಗಳಲ್ಲಿ ಒಂದಿಷ್ಟು ಗಾಳಿಗೆ ಹಾರಿಹೋಗುವುದರಿಂದ ಹೆಚ್ಚು ಬೇಕಾಗುತ್ತದೆ. ಅನಿಲವನ್ನು ಇನ್ನೂ ಬಹಳ ಹೊತ್ತು ಹಾಯಿಸಿದರೆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುವುದೂ ಉಂಟು.

ಆರತಿಯ ತಟ್ಟೆಯ ಓಕುಳಿ ನೀರನ್ನು ನೆನಪಿಸಿಕೊಳ್ಳಿ. ಅರಿಸಿನಕ್ಕೆ ಸುಣ್ಣ ಸೇರಿದಾಗ ಕೆಂಪಾಗುತ್ತದೆ, ಏಕೆಂದರೆ ಸುಣ್ಣ ಪ್ರತ್ಯಾಮ್ಲ. ತಿಳಿನೀರಿಗೆ ಚಿಟಿಕೆ ಅರಿಸಿನ ಹಾಕಿ ಕೆಂಪು ಮಾಡಿಕೊಂಡು ಅದರೊಳಗೆ ಯೀಸ್ಟಿನ ಅನಿಲವನ್ನು ಹಾಯಿಸಿದರೆ, ಸುಣ್ಣ ತೀರುತ್ತಿದ್ದಂತೆ ಕೆಂಪು ಮಸುಕಾಗಿ ಹಳದಿ ಮರಳಿ ಬರುತ್ತದೆ. ಅವ್ವನ ಅಥವಾ ಅಜ್ಜಿಯ ಕೈಯಿಂದಲೇ ಓಕುಳಿ ಕಲಸಿಸಿಕೊಂಡು ಈ ಪ್ರಯೋಗ ಮಾಡಿದ ಮಕ್ಕಳು ಅದನ್ನು ಮರೆತದ್ದನ್ನು ನಾನು ನೋಡಿಲ್ಲ.

ಹಾಲಿನಂತಾದ ನೀರನ್ನು ಒಂದು ರಾತ್ರಿ ಬಿಟ್ಟರೆ ತಳದಲ್ಲಿ ಬಿಳಿಯ ನಯವಾದ ಪುಡಿ ಕೂಡುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಫರಸಿಯ ಮುಖ್ಯ ದ್ರವ್ಯವೂ ಅದೇ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವುದೂ ಅದೇ ಸುಣ್ಣದ ಕಲ್ಲು. ಆ ಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ, ಅದಕ್ಕೆ ನೀರು ಸೇರಿಸಿದರೆ ಎಲೆಗೆ ಹಚ್ಚುವ ಸುಣ್ಣವಾಗುತ್ತದೆ. ನಿಮ್ಮ ಲೋಟದಲ್ಲಿ ಯೀಸ್ಟು ಭಟ್ಟಿಯ ಕೆಲಸವನ್ನು ಹಿಂದಕ್ಕೆ ತಿರುಗಿಸಿ, ಹಾರಿಹೋದ ಅನಿಲಕ್ಕೆ ಬದಲು ಕೊಟ್ಟು ಸುಣ್ಣವನ್ನು ಮತ್ತೆ ಕಲ್ಲಾಗಿಸಿದೆ. ಒಡೆದ ಫರಸಿಯ ತುಂಡೊಂದನ್ನು ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಹಿಂಡಿ ಭೂತಗನ್ನಡಿಯಲ್ಲಿ ನೋಡಿ. ಅನಿಲ ಮತ್ತೆ ಸಣ್ಣ ಗುಳ್ಳೆಗಳಾಗಿ ಏಳುವುದು ಕಾಣುತ್ತದೆ. ಮನೆಯ ನೆಲದ ಮೇಲೆ ಮಾತ್ರ ಇದನ್ನು ಮಾಡಬೇಡಿ, ಹೊಳಪು ಹೋಗುತ್ತದೆ.

ನಮ್ಮ ತಿಳಿನೀರು ಯೀಸ್ಟ್ ಸೇರುವ ಮೊದಲೇ ಬೆಳ್ಳಗಾಯಿತು. ಏಕೆ?

ನೀವು ಬಹುಶಃ ತಿಳಿನೀರಿಗೆ ಬೋರ್‌ವೆಲ್ ನೀರು ಬೆರೆಸಿದ್ದೀರಿ. ನಮ್ಮ ಕಡೆಯ ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಸುಣ್ಣದೊಂದಿಗೆ ಸೇರಿದ ಕೂಡಲೇ ಅದೇ ಬಿಳಿ ಪುಡಿಯನ್ನು ಕೊಡುತ್ತದೆ. ಶುದ್ಧೀಕರಿಸಿದ ಕುಡಿಯುವ ನೀರನ್ನು ಬಳಸಿ, ಲೋಟವನ್ನೂ ಅದರಿಂದಲೇ ತೊಳೆಯಿರಿ. ತೆರೆದಿಟ್ಟ ತಿಳಿನೀರಿನ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ತೆಳುವಾದ ಬಿಳಿ ಪೊರೆ ಕಟ್ಟುವುದರಿಂದ ಬಾಟಲಿಯನ್ನು ಕತ್ತಿನವರೆಗೆ ತುಂಬಿ ಮುಚ್ಚಿಡಬೇಕು. ಅನಿಲ ಹಾಯಿಸದೆ ಬಿಟ್ಟ ಇನ್ನೊಂದು ಲೋಟ ತಿಳಿನೀರು ಪಕ್ಕದಲ್ಲಿ ಇದ್ದರೆ ಈ ಗೊಂದಲ ತಾನಾಗಿಯೇ ಬಯಲಾಗುತ್ತದೆ.

ಸಕ್ಕರೆಯ ಬದಲು ಬೆಲ್ಲ, ಹಾಲು, ಹಿಟ್ಟು ಹಾಕಬಹುದೇ?

ಖಂಡಿತ ಹಾಕಬೇಕು, ಒಂದೊಂದು ಪದಾರ್ಥಕ್ಕೆ ಒಂದೊಂದು ಬಾಟಲಿ ಇಟ್ಟು. ಬೆಲ್ಲ ಮತ್ತು ಗ್ಲೂಕೋಸ್ ಪುಡಿ ಚೆನ್ನಾಗಿ ಕೆಲಸ ಮಾಡುತ್ತವೆ. ಸಕ್ಕರೆಯನ್ನು ಯೀಸ್ಟ್ ಮೊದಲು ಇನ್ವರ್ಟೇಸ್ ಎಂಬ ಕಿಣ್ವದಿಂದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದುಕೊಳ್ಳುತ್ತದೆ. ಹಾಲಿನ ಬಾಟಲಿ ಮಕ್ಕಳನ್ನು ಅಚ್ಚರಿಗೊಳಿಸುತ್ತದೆ: ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದ್ದರೂ ಅದನ್ನು ಒಡೆಯುವ ಕಿಣ್ವ ಬೇಕರಿ ಯೀಸ್ಟಿನಲ್ಲಿ ಇಲ್ಲದ ಕಾರಣ ಬಲೂನು ಹೆಚ್ಚುಕಡಿಮೆ ಜೋತುಬಿದ್ದೇ ಇರುತ್ತದೆ. ಬೀಗಕ್ಕೆ ತಕ್ಕ ಕೀಲಿ ಇಲ್ಲದಿದ್ದರೆ ಉಗ್ರಾಣದಲ್ಲಿ ಎಷ್ಟು ಧಾನ್ಯವಿದ್ದರೇನು ಎಂದು ನಾನು ಅವರಿಗೆ ಹೇಳುತ್ತೇನೆ.

ಸಕ್ಕರೆ ಹೆಚ್ಚು ಹಾಕಿದಷ್ಟೂ ಅನಿಲ ಹೆಚ್ಚು ಬರುತ್ತದೆಂಬ ಊಹೆಯನ್ನೂ ಪರೀಕ್ಷಿಸಿ. ಒಂದು ಮಿತಿ ದಾಟಿದ ಮೇಲೆ ಗಟ್ಟಿಯಾದ ಪಾಕವು ಜೀವಕೋಶದ ನೀರನ್ನೇ ಹೊರಗೆಳೆದು ಯೀಸ್ಟನ್ನು ಕುಗ್ಗಿಸುತ್ತದೆ. 100 ಮಿಲಿಲೀಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿದರೂ ಹಾಗೆಯೇ. ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದಿರುವುದರ ಹಿಂದೆ ಇರುವುದೂ ಇದೇ ಕಾರಣ.

ಜೋಳದ ಹಿಟ್ಟಿಗೆ ಯೀಸ್ಟ್ ಹಾಕಿದರೆ ರೊಟ್ಟಿ ಉಬ್ಬುತ್ತದೆಯೇ?

ನಮ್ಮ ಭಾಗದ ಮಕ್ಕಳೇ ಕೇಳಬಲ್ಲ ಪ್ರಶ್ನೆ ಇದು, ನನಗೆ ಬಹಳ ಪ್ರಿಯವಾದದ್ದೂ ಹೌದು. ಎರಡು ಸಮಾನ ಗಾಜಿನ ಲೋಟ ತೆಗೆದುಕೊಳ್ಳಿ. ಒಂದಕ್ಕೆ 50 ಗ್ರಾಂ ಮೈದಾ, ಇನ್ನೊಂದಕ್ಕೆ 50 ಗ್ರಾಂ ಜೋಳದ ಹಿಟ್ಟು. ಎರಡಕ್ಕೂ ಅರ್ಧ ಚಮಚ ಯೀಸ್ಟ್, ಅರ್ಧ ಚಮಚ ಸಕ್ಕರೆ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತಗೆ ಕಲಸಿ ನಾದಿ. ಹಿಟ್ಟಿನ ಮಟ್ಟಕ್ಕೆ ಲೋಟದ ಹೊರಗೆ ರಬ್ಬರ್ ಬ್ಯಾಂಡು ಹಾಕಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ. ಮೈದಾ ಹತ್ತಿರಹತ್ತಿರ ಎರಡು ಪಟ್ಟು ಏರಿ ಗುಮ್ಮಟದಂತಾಗುತ್ತದೆ. ಜೋಳದ ಹಿಟ್ಟು ಸ್ವಲ್ಪ ಸಡಿಲಾಗಿ, ಮೇಲ್ಮೈ ನಮ್ಮ ಬೇಸಿಗೆಯ ಎರೆಹೊಲದಂತೆ ಬಿರುಕು ಬಿಡುತ್ತದೆ.

ಎರಡರಲ್ಲಿಯೂ ಯೀಸ್ಟ್ ಅನಿಲವನ್ನು ಕೊಟ್ಟಿದೆ. ಎರಡನ್ನೂ ಮೂಸಿದರೆ ಒಂದೇ ಹುಳಿವಾಸನೆ ಬರುತ್ತದೆ. ಮೈದಾದಲ್ಲಿರುವ ಎರಡು ಬಗೆಯ ಪ್ರೋಟೀನುಗಳು ನಾದಿದಾಗ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಜಾಲವಾಗುತ್ತವೆ, ಆ ಜಾಲ ರಬ್ಬರಿನಂತೆ ಹಿಗ್ಗಿ ಅನಿಲವನ್ನು ಹಿಡಿದಿಡುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ರೊಟ್ಟಿ ಬಡಿಯುವವರು ಹಿಟ್ಟಿಗೆ ಕುದಿಯುವ ಎಸರು ಹಾಕಿ ತರಿಸುವ ಜಿಗಿ, ಬಿಸಿನೀರಿನಲ್ಲಿ ಪಿಷ್ಟ ಬೆಂದು ಅಂಟಾಗುವುದರಿಂದ ಬರುವಂಥದ್ದು. ಅದು ರೊಟ್ಟಿಯನ್ನು ತೆಳ್ಳಗೆ ಬಡಿಯಲು ಸಾಕು, ಗಂಟೆಗಟ್ಟಲೆ ಅನಿಲ ಹಿಡಿದಿಡಲು ಸಾಲದು. ಹೆಂಚಿನ ಮೇಲೆ ರೊಟ್ಟಿ ಉಬ್ಬುವುದು ಒಳಗಿನ ನೀರು ಹಬೆಯಾಗುವುದರಿಂದ, ಅದಕ್ಕೆ ಯೀಸ್ಟಿನ ಹಂಗಿಲ್ಲ. ಎಸರು ಹಾಕಿಯೇ ಪ್ರಯೋಗ ಮಾಡುವುದಾದರೆ ಹಿಟ್ಟು ಆರಿದ ಮೇಲೆ ಯೀಸ್ಟ್ ಸೇರಿಸಿ.

ಇಡ್ಲಿ ಹಿಟ್ಟು ಉಬ್ಬುವುದೂ ಯೀಸ್ಟಿನಿಂದಲೇ?

ಮುಖ್ಯವಾಗಿ ಅಲ್ಲ. ಉದ್ದು ಮತ್ತು ಅಕ್ಕಿಯ ಹಿಟ್ಟನ್ನು ಉಬ್ಬಿಸುವುದರಲ್ಲಿ ಲ್ಯುಕೊನೊಸ್ಟಾಕ್ ಎಂಬ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾದ ಪಾತ್ರವೇ ದೊಡ್ಡದು. ಗಾಳಿ, ಧಾನ್ಯ, ಪಾತ್ರೆಗಳಿಂದ ಬಂದ ಯೀಸ್ಟುಗಳೂ ಜೊತೆಗಿರಬಹುದು. ಹುಳಿಯೂ ಉಬ್ಬೂ ಒಟ್ಟಿಗೇ ಬರುವುದು ಅದಕ್ಕಾಗಿಯೇ.

ಹೈಡ್ರೋಜನ್ ಪೆರಾಕ್ಸೈಡಿನ ನೊರೆಯ ಪ್ರಯೋಗ ಮಕ್ಕಳು ಮಾಡಬಹುದೇ?

ದೊಡ್ಡವರು ಪಕ್ಕದಲ್ಲಿದ್ದು, ಕಣ್ಣಿಗೆ ಕನ್ನಡಕ ಹಾಕಿಸಿ ಮಾಡಿಸಿದರೆ ಮಾಡಬಹುದು. ಔಷಧ ಅಂಗಡಿಯಿಂದ ತಂದ ಬಾಟಲಿಯ ಮೇಲಿನ ಪ್ರಮಾಣವನ್ನು ಓದಿ. ಶೇಕಡಾ 3ರಷ್ಟಿರುವುದು ಸಾಕು, ಶೇಕಡಾ 6 ಇದ್ದರೆ ಅಷ್ಟೇ ನೀರು ಬೆರೆಸಿ. ಪ್ರಯೋಗಾಲಯದ ತೀಕ್ಷ್ಣ ಪೆರಾಕ್ಸೈಡು ಮನೆಗೆ ಬರಲೇಬಾರದು. 50 ಮಿಲಿಲೀಟರ್ ದ್ರಾವಣಕ್ಕೆ ಪಾತ್ರೆ ತೊಳೆಯುವ ಸೋಪಿನ ದ್ರವ ಸ್ವಲ್ಪ ಹಾಕಿ, ಬೆಚ್ಚಗಿನ ನೀರಿನಲ್ಲಿ ನೆನೆಸಿದ ಒಂದು ಚಮಚ ಯೀಸ್ಟನ್ನು ಸುರಿದರೆ ನೊರೆ ಉಕ್ಕಿ ಬರುತ್ತದೆ. ಇಲ್ಲಿ ನಡೆಯುವುದು ಹುದುಗುವಿಕೆಯಲ್ಲ. ಯೀಸ್ಟಿನಲ್ಲಿರುವ ಕೆಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಲೇಬಲ್ಲಿನ ಮೇಲೆ 10 ವಾಲ್ಯೂಮ್ ಎಂದಿದ್ದರೆ ಒಂದು ಲೀಟರ್ ದ್ರಾವಣದಿಂದ 10 ಲೀಟರ್ ಆಮ್ಲಜನಕ ಬರುತ್ತದೆಂದು ಅರ್ಥ. ಹಾಗಾದರೆ ನಿಮ್ಮ 50 ಮಿಲಿಲೀಟರಿನಿಂದ ಅರ್ಧ ಲೀಟರ್. ಕೆಂಡವಾಗಿ ಉರಿಯುತ್ತಿರುವ ಊದಿನಕಡ್ಡಿಯ ತುದಿಯನ್ನು ನೊರೆಯ ಗುಳ್ಳೆಗಳ ಬಳಿ ತಂದರೆ ಕಿಡಿ ಪ್ರಖರವಾಗುತ್ತದೆ. ಅದೇ ಊದಿನಕಡ್ಡಿಯನ್ನು ಸಕ್ಕರೆ ಬಾಟಲಿಯೊಳಗಿನ ಅನಿಲಕ್ಕೆ ಇಳಿಸಿದರೆ ನಂದುತ್ತದೆ. ಒಂದೇ ಜೀವಿಯಿಂದ ಹೊರಟ ಎರಡು ಅನಿಲಗಳ ಗುಣ ಹೀಗೆ ಅಕ್ಕಪಕ್ಕದಲ್ಲಿ ಕಾಣುತ್ತದೆ. ಪಾತ್ರೆ ಬಿಸಿಯಾಗುವುದನ್ನೂ ಗಮನಿಸಿ. ನೊರೆಯನ್ನು ಬಾಯಿಗೆ ಹಾಕಬಾರದು.

ಕುದಿಸಿದ ಯೀಸ್ಟ್ ಕೆಲಸ ಮಾಡುತ್ತದೆಯೇ? ಸತ್ತ ಯೀಸ್ಟಿನಿಂದ ಅನಿಲ ಬರಬಹುದೇ?

ಐದು ನಿಮಿಷ ಕುದಿಸಿ ಆರಿಸಿದ ಯೀಸ್ಟನ್ನು ಒಂದು ಬಾಟಲಿಯಲ್ಲಿಯೂ ಕುದಿಸದ್ದನ್ನು ಇನ್ನೊಂದರಲ್ಲಿಯೂ ಹಾಕಿ ನೋಡಿ. ಕುದಿಸಿದ್ದರ ಬಲೂನು ಏಳುವುದಿಲ್ಲ. ಇದರಿಂದ ಹುದುಗುವಿಕೆಗೆ ಜೀವ ಬೇಕೇ ಬೇಕು ಎಂದು ತೀರ್ಮಾನಿಸಲು ಮನಸ್ಸಾಗುತ್ತದೆ. 19ನೆಯ ಶತಮಾನದಲ್ಲಿ ಲೂಯಿ ಪಾಶ್ಚರ್ ಅವರ ನಿಲುವೂ ಹಾಗೆಯೇ ಇತ್ತು. 1897ರಲ್ಲಿ ಜರ್ಮನಿಯ ಎಡುವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು, ಹಿಂಡಿ, ಜೀವಕೋಶಗಳಿಲ್ಲದ ರಸವನ್ನು ತೆಗೆದರು. ಆ ರಸ ಕೆಡದಿರಲೆಂದು ಅದಕ್ಕೆ ಸಕ್ಕರೆ ಸೇರಿಸಿದಾಗ ಗುಳ್ಳೆಗಳು ಏಳತೊಡಗಿದವು. ಬದುಕಿದ ಕೋಶ ಒಂದೂ ಇಲ್ಲದೆ ಹುದುಗುವಿಕೆ ನಡೆದಿತ್ತು, ನಡೆಸಿದ್ದು ಕಿಣ್ವಗಳು. 1907ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ನಿಮ್ಮ ಕುದಿಸಿದ ಬಾಟಲಿಯಲ್ಲಿ ಕೋಶಗಳೊಂದಿಗೆ ಕಿಣ್ವಗಳೂ ಬಿಸಿಗೆ ರೂಪಗೆಟ್ಟಿವೆ, ಆದ್ದರಿಂದ ಅಲ್ಲಿ ಏನೂ ನಡೆಯದು.

ಸೂಕ್ಷ್ಮದರ್ಶಕದಲ್ಲಿ ಏನು ಕಾಣುತ್ತದೆ?

ಶಾಲೆಯ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದರೆ ಸಾಕು. 100 ಮಿಲಿಲೀಟರ್ ನೀರಿಗೆ 10 ಗ್ರಾಂ ಸಕ್ಕರೆ, ಚಿಟಿಕೆ ಯೀಸ್ಟ್ ಹಾಕಿ ಒಂದೆರಡು ಗಂಟೆ ಬಿಟ್ಟು, ಒಂದು ಹನಿಯನ್ನು ಇನ್ನಷ್ಟು ನೀರಿನಲ್ಲಿ ತೆಳುಮಾಡಿ ಗಾಜಿನ ಪಟ್ಟಿಯ ಮೇಲೆ ಇಡಿ. ಸಾಬೂದಾಣಿಯಂತೆ ಮೊಟ್ಟೆಯಾಕಾರದ ಕೋಶಗಳು ತೇಲುತ್ತಿರುತ್ತವೆ. ಒಂದೊಂದರ ಅಳತೆ ಮಿಲಿಮೀಟರಿನ ಸಾವಿರದ 5ರಿಂದ 10 ಭಾಗ. ಕೆಲವುಗಳ ಬದಿಯಲ್ಲಿ ಸಣ್ಣ ಗುಬುಟು ಅಂಟಿಕೊಂಡಿರುವುದು ಕಂಡರೆ ಅದೇ ಮೊಗ್ಗು, ಯೀಸ್ಟಿನ ಮರಿ. ತಾಯಿಕೋಶದಿಂದ ಇನ್ನೂ ಬಿಡಿಸಿಕೊಳ್ಳದೆಯೇ ಮೊಗ್ಗಿಗೆ ಮೊಗ್ಗು ಮೂಡಿದ ಸರಪಳಿಗಳೂ ಸಿಗುತ್ತವೆ. ಮೆಥಿಲೀನ್ ಬ್ಲೂ ದ್ರಾವಣದ ಒಂದು ಹನಿ ಬೆರೆಸಿದರೆ ಸತ್ತ ಕೋಶಗಳು ನೀಲಿಯಾಗುತ್ತವೆ, ಬದುಕಿದವು ಬಣ್ಣವಿಲ್ಲದೆ ಉಳಿಯುತ್ತವೆ. ಹಳೆಯ ಪೊಟ್ಟಣದ ಬಗ್ಗೆ ಅನುಮಾನವಿದ್ದರೆ ನೂರು ಕೋಶಗಳನ್ನು ಎಣಿಸಿ ನೋಡಿ.

ಯೀಸ್ಟ್ ಜೀವಿಯಾದರೆ ಅದು ಸಸ್ಯಾಹಾರವೇ?

ಅದು ಪ್ರಾಣಿಯೂ ಅಲ್ಲ, ಸಸ್ಯವೂ ಅಲ್ಲ, ಅಣಬೆಯಂತೆ ಶಿಲೀಂಧ್ರ. ಪೊಟ್ಟಣದ ಮೇಲೆ ಹಸಿರು ಗುರುತು ಇರುತ್ತದೆ. ಅಣಬೆ ತಿನ್ನದ ಮನೆಯವರು ಬೇಡವೆಂದರೆ ಅದನ್ನು ಗೌರವಿಸಿ, ಪ್ರಯೋಗವನ್ನು ಅಡುಗೆಮನೆಯ ಹೊರಗೆ ಬೇರೆ ಪಾತ್ರೆಗಳಲ್ಲಿ ಮಾಡಿ.

ಬಾಟಲಿಯ ನೀರಿನಲ್ಲಿ ಮದ್ಯಸಾರ ಇರುತ್ತದೆಂದಿರಿ. ಇದು ಅಪಾಯವಲ್ಲವೇ?

ಒಂದು ಗಂಟೆಯ ಪ್ರಯೋಗದಲ್ಲಿ ಅದು ಅತ್ಯಲ್ಪ. ಆದರೂ ಆ ನೀರನ್ನು ಯಾರೂ ಕುಡಿಯಬಾರದು, ಪ್ರಯೋಗ ಮುಗಿದ ದಿನವೇ ಚೆಲ್ಲಬೇಕು. ಈಚಲು ಮರದ ಸಿಹಿಯಾದ ನೀರಾ ಹೊತ್ತೇರಿದಂತೆ ಸೇಂದಿಯಾಗುವುದೂ ಕಾಡುಯೀಸ್ಟುಗಳ ಇದೇ ಕೆಲಸದಿಂದ ಎಂದು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಬಹುದು.

ನಿಜವಾದ ಅಪಾಯ ಮುಚ್ಚಳದಲ್ಲಿದೆ. 1 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಕಾಲು ಲೀಟರಿಗಿಂತ ಹೆಚ್ಚು ಅನಿಲ ಬರುತ್ತದೆ; ಎರಡು ಚಮಚ ಸಕ್ಕರೆ, ಅಂದರೆ ಸುಮಾರು 8 ಗ್ರಾಂ, ಅರ್ಧ ಲೀಟರಿನ ಬಾಟಲಿಯಲ್ಲಿ ಎರಡು ಲೀಟರಿಗೂ ಮಿಕ್ಕಿ ಅನಿಲ ತುಂಬಬಲ್ಲದು. ಮುಚ್ಚಳ ಬಿಗಿದರೆ ಬಾಟಲಿ ಸಿಡಿಯುತ್ತದೆ. ಒಬ್ಬ ಹುಡುಗ ಮರುದಿನ ತೋರಿಸಲೆಂದು ಮುಚ್ಚಳ ಹಾಕಿ ಬಟ್ಟೆಯ ಕಪಾಟಿನಲ್ಲಿಟ್ಟಿದ್ದ ಬಾಟಲಿ ನಡುರಾತ್ರಿ ಒಡೆದು ಮನೆಮಂದಿಯನ್ನೆಲ್ಲ ಎಬ್ಬಿಸಿತ್ತು. ಅದು ಪ್ಲಾಸ್ಟಿಕ್ ಆಗಿದ್ದರಿಂದ ಬಟ್ಟೆ ತೊಯ್ದದ್ದರಲ್ಲೇ ಮುಗಿಯಿತು. ಗಾಜಿನ ಬಾಟಲಿಯನ್ನು ಎಂದೂ ಮುಚ್ಚಬೇಡಿ.

ಉಳಿದ ಯೀಸ್ಟನ್ನೂ ಪ್ರಯೋಗದ ನೀರನ್ನೂ ಏನು ಮಾಡಬೇಕು?

ತೆರೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ. ಮೇ ತಿಂಗಳಲ್ಲಿ ಹೊರಗಿಟ್ಟರೆ ಬೇಗ ಕೈಕೊಡುತ್ತದೆ. ಸಕ್ಕರೆ, ಯೀಸ್ಟ್ ಇರುವ ನೀರನ್ನು ಇನ್ನಷ್ಟು ನೀರು ಬೆರೆಸಿ ಅಂಗಳದ ಗಿಡದ ಬುಡಕ್ಕೆ ಹಾಕಬಹುದು. ಪೆರಾಕ್ಸೈಡಿನ ನೊರೆಯನ್ನು ಬಚ್ಚಲಿಗೆ ಸುರಿದು ನೀರು ಬಿಡಿ. ಸುಣ್ಣದ ಲೋಟದ ತಳದಲ್ಲಿ ಕೂತ ಬಿಳಿ ಪುಡಿಯನ್ನು ಮಾತ್ರ ಚೆಲ್ಲದೆ, ಕಾಗದದ ಮೇಲೆ ಒಣಗಿಸಿ, ಸಣ್ಣ ಪೊಟ್ಟಣ ಕಟ್ಟಿ ಪ್ರಾಜೆಕ್ಟ್ ಪುಸ್ತಕಕ್ಕೆ ಅಂಟಿಸಿ. ಪಕ್ಕದಲ್ಲಿ ಫರಸಿಯ ಒಂದು ಚೂರನ್ನೂ ಅಂಟಿಸಿ, ಎರಡರ ಮೇಲೂ ಒಂದೊಂದು ಹನಿ ನಿಂಬೆರಸ ಬಿಟ್ಟಾಗ ಏನಾಯಿತೆಂದು ಮಗುವಿನ ಕೈಯಲ್ಲೇ ಬರೆಸಿ.